ಠಾಣೆಯ ಉತ್ತರದ ಆದಿವಾಸಿ ಸೀಮೆ ಮತ್ತು ಅದರ ಲೋಕಸಭಾ ಪ್ರತಿನಿಧಿ

ನವಿ ಮುಂಬಯಿಯ ಮಹಾಪೆಯ ಕಾರ್ಖಾನೆಗಳ ನಡುವೆ ಬದುಕುವ ಕನ್ನಡಿಗರಾದ ನಮಗೆ ಜವ್ಹಾರ, ಮೊಖಾಡಾಗಳ ಪರಿಚಯವಿರುವುದು ಅಲ್ಪ. ದೀಪಾವಳಿಯ ತರುವಾಯ ಇಟ್ಟಿಗೆ ಭಟ್ಟಿಗಳಿಗೂ ಕಟ್ಟಡದ ಕೆಲಸಗಳಿಗೂ ಮಕ್ಕಳುಮರಿಗಳೊಡನೆ ಇಳಿದುಬರುವ ವಾರಲಿ, ಕಾತಕರಿ ಕುಟುಂಬಗಳನ್ನು ನಾವು ಕಂಡಿದ್ದೇವೆ, ಅಷ್ಟೆ. 2014ರ ಆಗಸ್ಟ್ 1ರಂದು ಪಾಲಘರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಮಹಾಪೆಯೂ ಮೊಖಾಡಾವೂ ಒಂದೇ ಠಾಣೆ ಜಿಲ್ಲೆಯ ಎರಡು ತುದಿಗಳಾಗಿದ್ದವು. ಆ ಉತ್ತರದ ತುದಿಯಿಂದ ಚುನಾಯಿತರಾದವರ ಮುಂದೆ ಯಾವ ಕಾರ್ಯಗಳಿವೆ ಎಂಬುದನ್ನು ಇಲ್ಲಿ ವಿವೇಚಿಸಲು ಯತ್ನಿಸಿದ್ದೇವೆ.

ಪಾಲಘರ ಲೋಕಸಭಾ ಕ್ಷೇತ್ರವು ಪರಿಶಿಷ್ಟ ಪಂಗಡಕ್ಕೆ ಮೀಸಲು. 2024ರ ಜೂನ್ 4ರ ಫಲಿತಾಂಶದಲ್ಲಿ ಭಾರತೀಯ ಜನತಾ ಪಕ್ಷದ ಡಾ. ಹೇಮಂತ ಸವರಾ ಇಲ್ಲಿಂದ ಮೊದಲ ಬಾರಿಗೆ ಆಯ್ಕೆಯಾದರು. ಆದರೆ ಮೀಸಲು ಕ್ಷೇತ್ರವೆಂದ ಮಾತ್ರಕ್ಕೆ ಅದು ಆದಿವಾಸಿ ಮತದಾರರ ಕ್ಷೇತ್ರವಾಗುವುದಿಲ್ಲ. ಜವ್ಹಾರ, ಮೊಖಾಡಾ, ತಲಾಸರಿ ತಾಲೂಕುಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಆದಿವಾಸಿಗಳಾಗಿದ್ದರೂ, 2011ರ ಜನಗಣತಿಯಂತೆ ಇಡೀ ಪಾಲಘರ ಪ್ರದೇಶದಲ್ಲಿ ಅವರ ಪ್ರಮಾಣ ಶೇ. 37ರಷ್ಟು ಮಾತ್ರ. ವಸಯಿ, ನಾಲಾಸೋಪಾರಾಗಳಂತಹ ಜನನಿಬಿಡ ನಗರಗಳು ಇದೇ ಕ್ಷೇತ್ರದಲ್ಲಿವೆ. ಲೋಕಲ್ ರೈಲು, ನಲ್ಲಿ ನೀರುಗಳ ಬೇಡಿಕೆಗೆ ಮತಬಲವಿದೆ. ಬೆಟ್ಟದ ಪಾಡೆಗಳ, ಎಂದರೆ ಸಣ್ಣ ಹಾಡಿಗಳ, ಬೇಡಿಕೆಗೆ ಅಷ್ಟಿಲ್ಲ. ಗೆದ್ದವರು ಯಾವ ಪಕ್ಷದವರೇ ಆಗಿರಲಿ, ಈ ಲೆಕ್ಕವನ್ನು ಮೀರಿ ಆದ್ಯತೆಗಳನ್ನು ನಿರ್ಣಯಿಸುವುದು ಸುಲಭವಲ್ಲ.

ನಮ್ಮ ಅಭಿಪ್ರಾಯದಲ್ಲಿ ಮೊದಲನೆಯದು ಹಸಿವು. ಜವ್ಹಾರ ತಾಲೂಕಿನ ವಾವರ-ವಾಂಗಣಿಯಲ್ಲಿ 1992-93ರಲ್ಲಿ ಸಂಭವಿಸಿದ ಮಕ್ಕಳ ಸಾವುಗಳು ನಾಡಿನ ಗಮನ ಸೆಳೆದವು. 2016ರಲ್ಲಿ ಮೊಖಾಡಾದಿಂದ ಅಂತಹದೇ ಸುದ್ದಿ ಬಂದಿತು. ಆಗ ರಾಜ್ಯದ ಆದಿವಾಸಿ ವಿಕಾಸ ಸಚಿವರಾಗಿದ್ದವರು ಈಗಿನ ಸಂಸದರ ತಂದೆ, ದಿವಂಗತ ವಿಷ್ಣು ಸವರಾ. ಮಗ ವೃತ್ತಿಯಿಂದ ಮೂಳೆತಜ್ಞ. ಯೋಜನೆಗಳಿಗೇನೂ ಕೊರತೆಯಿರಲಿಲ್ಲ. ಗರ್ಭಿಣಿ, ಬಾಣಂತಿಯರಿಗೆ ದಿನಕ್ಕೊಂದು ಬಿಸಿಯೂಟ ನೀಡುವ ಅಮೃತ ಆಹಾರ ಯೋಜನೆ 2015ರಲ್ಲಿಯೇ ಆರಂಭವಾಗಿತ್ತು. ಆದರೆ ಆ ಊಟ ದೊರೆಯುವುದು ಊರಿನ ಅಂಗನವಾಡಿಯಲ್ಲಿ. ಬಸುರಿಯು ಭಿವಂಡಿಯ ಭಟ್ಟಿಗೆ ಗುಳೆ ಹೊರಟರೆ ತಟ್ಟೆ ಅವಳ ಬೆನ್ನಟ್ಟಿ ಬರುವುದಿಲ್ಲ. ಆದಕಾರಣ ಊರಿನಲ್ಲಿಯೇ ಕೆಲಸ, ಅದಕ್ಕೆ ತಡವಿಲ್ಲದ ಕೂಲಿ ಎಂಬುದು ಆಹಾರದ ಪ್ರಶ್ನೆಯೇ ಹೊರತು ಬೇರೆಯಲ್ಲ.

ನೀರಿನ ಕಥೆಯೂ ಇಂತಹುದೇ. ಮಧ್ಯ ವೈತರಣಾ ಅಣೆಕಟ್ಟಿನ ನೀರು ಮೊಖಾಡಾ ಸೀಮೆಯಿಂದ ಮುಂಬಯಿಗೆ ಹರಿಯುತ್ತದೆ. ಬೇಸಗೆಯಲ್ಲಿ ಅದೇ ಸೀಮೆಯ ಪಾಡೆಗಳು ಟ್ಯಾಂಕರಿಗಾಗಿ ಕಾಯುತ್ತವೆ.

ಇನ್ನು ಭೂಮಿ. 1945ರಲ್ಲಿ ಜೀತದ ವಿರುದ್ಧ ಗೋದಾವರಿ ಪರುಳೇಕರರ ಮುಂದಾಳ್ತನದಲ್ಲಿ ವಾರಲಿಗಳು ಎದ್ದು ನಿಂತ ನೆಲವಿದು. 2006ರ ಅರಣ್ಯ ಹಕ್ಕು ಕಾಯಿದೆಯ ಪಟ್ಟಾಗಳಿಗಾಗಿ 2018ರ ಮಾರ್ಚಿನಲ್ಲಿಯೂ ಆದಿವಾಸಿ ರೈತರು ನಾಸಿಕದಿಂದ ಮುಂಬಯಿಗೆ ನಡೆದರು. ಜವ್ಹಾರ, ಮೊಖಾಡಾ, ಡಹಾಣೂ, ತಲಾಸರಿ, ವಿಕ್ರಮಗಡ ತಾಲೂಕುಗಳು ಸಂವಿಧಾನದ ಐದನೆಯ ಅನುಸೂಚಿಗೆ ಒಳಪಟ್ಟವಾದುದರಿಂದ 1996ರ ಪೇಸಾ ಕಾಯಿದೆಯಂತೆ ಗ್ರಾಮಸಭೆಯ ಮಾತಿಗೆ ಇಲ್ಲಿ ಕಾನೂನಿನ ಬಲವಿದೆ. ಮತದ ಲೆಕ್ಕದಲ್ಲಿ ಸೋಲುವ ಪಾಡೆಗೆ ಉಳಿದಿರುವ ಸಾಧನ ಇದೊಂದೇ ಎಂದು ನಾವು ಭಾವಿಸುತ್ತೇವೆ. ಸಂಸದರು ಅದನ್ನು ಎಷ್ಟರಮಟ್ಟಿಗೆ ಗೌರವಿಸುವರೆಂಬುದು ಮುಖ್ಯ. ಡಹಾಣೂವಿನ ವಾಢವಣದಲ್ಲಿ 76,200 ಕೋಟಿ ರೂಪಾಯಿಗಳ ಬಂದರಿಗೆ ಕೇಂದ್ರ ಸಂಪುಟವು ಅದೇ 2024ರ ಜೂನಿನಲ್ಲಿ ಒಪ್ಪಿಗೆ ನೀಡಿತು. ಆಗಸ್ಟ್ 30ರಂದು ಶಂಕುಸ್ಥಾಪನೆಯಾಯಿತು. ತೀರದ ಮೀನುಗಾರರು ಅದನ್ನು ಹಲವು ವರ್ಷಗಳಿಂದ ವಿರೋಧಿಸುತ್ತ ಬಂದಿದ್ದರು.

ಕರ್ನಾಟಕದ ಆದಿವಾಸಿಗಳನ್ನು ಕುರಿತು ಅಧ್ಯಯನ ನಡೆಸುವವರಿಗೆ ಒಂದು ಮಾತು. ಕರ್ನಾಟಕದಲ್ಲಿ ಐದನೆಯ ಅನುಸೂಚಿಯ ಪ್ರದೇಶವೇ ಇಲ್ಲ. ಆದ್ದರಿಂದ ಪೇಸಾ ಅಲ್ಲಿ ಅನ್ವಯಿಸದು. ಉತ್ತರ ಕನ್ನಡದ ಸಿದ್ದಿ ಸಮುದಾಯದ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿನ ಸದಸ್ಯರಾದರು. ಆ ಸಮುದಾಯದಿಂದ ಶಾಸನಸಭೆಯನ್ನು ಪ್ರವೇಶಿಸಿದವರಲ್ಲಿ ಅವರೇ ಮೊದಲಿಗರು; ಬಂದದ್ದು ಮತದಿಂದಲ್ಲ, ನಾಮಕರಣದಿಂದ.