ಪಿಂಚಣಿಯ ಮನೆಯಲ್ಲಿ ವಿದ್ಯುತ್ ಬಿಲ್ಲು: ಖಾತೆಯಿಂದ ನೇರ ಕಡಿತಕ್ಕೆ ಒಪ್ಪಿಗೆ ನೀಡುವ ಮುನ್ನ

ಪಿಂಚಣಿಯನ್ನೇ ನೆಚ್ಚಿಕೊಂಡ ಮನೆಯಲ್ಲಿ ತಿಂಗಳ ಲೆಕ್ಕ ಬಹಳ ಬಿಗಿಯಾದದ್ದು. ಸಂಧ್ಯಾ ಸುರಕ್ಷಾ ಯೋಜನೆಯಡಿ 65 ವರ್ಷ ತುಂಬಿದವರಿಗೆ ತಿಂಗಳಿಗೆ 1,200 ರೂಪಾಯಿ ದೊರೆಯುತ್ತದೆ. ವಿಧವಾ ವೇತನ 800 ರೂಪಾಯಿ. ನೌಕರರ ಪಿಂಚಣಿ ಯೋಜನೆ 1995ರಡಿ ಕನಿಷ್ಠ ಪಿಂಚಣಿ 1,000 ರೂಪಾಯಿ. ಔಷಧ, ಹಾಲು, ದಿನಸಿ ಇವೆಲ್ಲವೂ ಈ ಮೊತ್ತದಲ್ಲಿಯೇ ನಡೆಯಬೇಕು. ಇಂತಹ ಮನೆಯಲ್ಲಿ ಒಂದು ತಿಂಗಳ ವಿದ್ಯುತ್ ಬಿಲ್ಲು ಎಣಿಕೆ ಮೀರಿ ಬಂದರೆ ಮುಂದಿನ ತಿಂಗಳ ಮಾತ್ರೆಗೆ ಕೊರತೆ ಬೀಳುತ್ತದೆ.

ಬಿಲ್ಲು ಕಟ್ಟಲು ಕೌಂಟರಿನವರೆಗೆ ಹೋಗಿ ಸಾಲಿನಲ್ಲಿ ನಿಲ್ಲುವ ಶ್ರಮವನ್ನು ತಪ್ಪಿಸಲು ಅನೇಕ ಹಿರಿಯ ನಾಗರಿಕರು, ಹೆಚ್ಚಾಗಿ ಮಕ್ಕಳ ಸಲಹೆಯ ಮೇರೆಗೆ, ಪಿಂಚಣಿ ಜಮೆಯಾಗುವ ಖಾತೆಯಿಂದಲೇ ಬಿಲ್ಲಿನ ಮೊತ್ತ ತಾನಾಗಿ ಕಡಿತವಾಗುವ ವ್ಯವಸ್ಥೆಗೆ, ಅಂದರೆ ಆಟೋ ಡೆಬಿಟ್‌ಗೆ ಒಪ್ಪಿಗೆ ನೀಡುತ್ತಿದ್ದಾರೆ. ಇದರಿಂದ ಕೊನೆಯ ದಿನಾಂಕ ಮರೆತುಹೋಗುವ ಭಯವಿಲ್ಲ, ವಿಳಂಬದ ಬಡ್ಡಿಯಿಲ್ಲ. ಆದರೆ ಈ ವ್ಯವಸ್ಥೆ ಹಣವನ್ನು ಕಟ್ಟುತ್ತದೆಯೇ ಹೊರತು ಬಿಲ್ಲನ್ನು ಪರಿಶೀಲಿಸುವುದಿಲ್ಲ. ಬಿಲ್ಲು ಸರಿಯೇ, ಖಾತೆಯಲ್ಲಿ ಹಣವಿದೆಯೇ, ಎಷ್ಟರವರೆಗೆ ಕಡಿತವಾಗಬಹುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಮನೆಯವರೇ ಇಟ್ಟುಕೊಂಡಿರಬೇಕು. ಈ ಮೂರನ್ನೂ ಮುಂದೆ ವಿವರಿಸಲಾಗಿದೆ.

1. ಗೃಹಜ್ಯೋತಿಯಲ್ಲಿ ಮನೆಗೆ ದೊರೆತಿರುವ ಮಿತಿ

ಗೃಹಜ್ಯೋತಿ ಯೋಜನೆಯು 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಯಲ್ಲಿದೆ. ಎಲ್ಲ ಮನೆಗಳಿಗೂ 200 ಯೂನಿಟ್ ಉಚಿತ ಎಂಬ ತಿಳಿವಳಿಕೆ ಹಲವೆಡೆ ಇದೆ, ಇದು ಸರಿಯಲ್ಲ. 2022–23ನೇ ಆರ್ಥಿಕ ವರ್ಷದಲ್ಲಿ ಆ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇಕಡ 10ರಷ್ಟನ್ನು ಸೇರಿಸಿದರೆ ಬರುವ ಸಂಖ್ಯೆಯೇ ಆ ಮನೆಯ ಉಚಿತ ಮಿತಿ. ಬಹಳ ಕಡಿಮೆ ಬಳಕೆಯ ಮನೆಗಳಿಗೆ ಶೇಕಡ 10ರ ಬದಲು 10 ಯೂನಿಟ್ ಹೆಚ್ಚುವರಿ ನೀಡಲು 2024ರ ಜನವರಿಯಲ್ಲಿ ಸಚಿವ ಸಂಪುಟ ತೀರ್ಮಾನಿಸಿತು.

ಇದರಿಂದ ಮೂರು ಸ್ಥಿತಿಗಳು ಉಂಟಾಗುತ್ತವೆ. ಬಳಕೆ ಮಿತಿಯೊಳಗಿದ್ದರೆ ಬಿಲ್ಲು ಶೂನ್ಯ. ಮಿತಿಯನ್ನು ಮೀರಿದರೂ 200 ಯೂನಿಟ್ ಒಳಗಿದ್ದರೆ, ಮೀರಿದಷ್ಟು ಯೂನಿಟ್‌ಗೆ ಮಾತ್ರ ಹಣ. 200 ಯೂನಿಟ್ ದಾಟಿದರೆ ಆ ತಿಂಗಳು ಯೋಜನೆಯ ಲಾಭವೇ ಇಲ್ಲ. ಮೊದಲ ಯೂನಿಟ್‌ನಿಂದ ಪೂರ್ಣ ಬಿಲ್ಲು ಕಟ್ಟಬೇಕು.

2. 200 ಮತ್ತು 201ರ ನಡುವಿನ ಅಂತರ

ಮಗನ ಸಂಸಾರದೊಡನೆ ವಾಸವಾಗಿರುವ, ತನ್ನ ಪಿಂಚಣಿ ಖಾತೆಯಿಂದಲೇ ಮನೆಯ ಬಿಲ್ಲು ಕಡಿತವಾಗುವ ಹಿರಿಯ ಮಹಿಳೆಯೊಬ್ಬರ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಆ ಮನೆಯ ಹಳೆಯ ಸರಾಸರಿ 150 ಯೂನಿಟ್; ಹಾಗಾಗಿ ಮಿತಿ 165. 2025–26ನೇ ಸಾಲಿನ ದರದಂತೆ ಗೃಹಬಳಕೆಯ ಪ್ರತಿ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಪಿಂಚಣಿ ಮತ್ತು ಉಪದಾನದ ಬಾಬ್ತು ಮೇಲ್ಶುಲ್ಕ 36 ಪೈಸೆ, ವಿದ್ಯುತ್ ಶುಲ್ಕದ ಮೇಲೆ ಶೇಕಡ 9ರಷ್ಟು ತೆರಿಗೆ.

ಆ ಮನೆ ಒಂದು ತಿಂಗಳು 200 ಯೂನಿಟ್ ಬಳಸಿದರೆ, ಹೆಚ್ಚುವರಿ 35 ಯೂನಿಟ್‌ಗೆ ಸುಮಾರು 234 ರೂಪಾಯಿ ಆಗುತ್ತದೆ. ಅದೇ ಮನೆ 201 ಯೂನಿಟ್ ಬಳಸಿದರೆ, ನಿಗದಿತ ಶುಲ್ಕ ಮತ್ತು ಇಂಧನ ಹೊಂದಾಣಿಕೆ ಶುಲ್ಕವನ್ನು ಬಿಟ್ಟೇ ಸುಮಾರು 1,343 ರೂಪಾಯಿ ಆಗುತ್ತದೆ. ಒಂದೇ ಒಂದು ಯೂನಿಟ್ ಹೆಚ್ಚಾದುದರಿಂದ, ಸಂಧ್ಯಾ ಸುರಕ್ಷಾದ ಇಡೀ ತಿಂಗಳ ಪಿಂಚಣಿಗಿಂತಲೂ ದೊಡ್ಡದಾದ ಬಿಲ್ಲು ಬರುತ್ತದೆ. ನೇರ ಕಡಿತದ ಒಪ್ಪಿಗೆಗೆ ಮೇಲ್ಮಿತಿ ಇಲ್ಲದಿದ್ದಲ್ಲಿ, ಆ ಮೊತ್ತ ಯಾರನ್ನೂ ಕೇಳದೆ ಖಾತೆಯಿಂದ ಹೋಗುತ್ತದೆ.

ಇದನ್ನು ತಡೆಯಲು ಸುಲಭವಾದ ಉಪಾಯವೊಂದಿದೆ. ಬಿಲ್ಲು ಬಂದ ದಿನದಿಂದ 20ನೇ ದಿನ ಮನೆಯವರೇ ಮೀಟರಿನ ಅಂಕಿಯನ್ನು ಓದಿ, ಬಿಲ್ಲಿನಲ್ಲಿರುವ ಮಾಪನವನ್ನು ಅದರಿಂದ ಕಳೆಯಬೇಕು. ಉಳಿದ ಸಂಖ್ಯೆ 130 ಇದ್ದರೆ, ಅದೇ ವೇಗದಲ್ಲಿ 30 ದಿನಕ್ಕೆ 195 ಆಗುತ್ತದೆ, ಚಿಂತೆಯಿಲ್ಲ. 140 ಇದ್ದರೆ 210 ಆಗುತ್ತದೆ. ಉಳಿದ ಹತ್ತು ದಿನ ದಿನಕ್ಕೆ ಆರು ಯೂನಿಟ್ ಮೀರದಂತೆ ನೋಡಿಕೊಳ್ಳಬೇಕು. ಎರಡು ಕಿಲೋವಾಟ್‌ನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಮಳೆಗಾಲದಲ್ಲಿ ಸಕಲೇಶಪುರದಂತಹ ಮಲೆನಾಡಿನ ಭಾಗದಲ್ಲಿ ದಿನವೂ ಬಿಸಿನೀರು ಬೇಕಾಗುತ್ತದೆ. ಅಂತಹ ದಿನಗಳಲ್ಲಿ ಕೆಲವು ದಿನ ಹಂಡೆಯ ಒಲೆಗೆ ಮರಳಿದರೂ ಲೆಕ್ಕ ಹತೋಟಿಗೆ ಬರುತ್ತದೆ. 60 ವಾಟ್‌ನ ಹಳೆಯ ಬಲ್ಬಿನ ಜಾಗದಲ್ಲಿ 9 ವಾಟ್‌ನ ಎಲ್‌ಇಡಿ ಹಾಕುವುದು ಒಮ್ಮೆ ಮಾಡಿದರೆ ವರ್ಷಗಳವರೆಗೆ ಉಳಿಯುವ ಉಳಿತಾಯ.

3. ಬಿಲ್ಲಿನಲ್ಲಿ ಓದಬೇಕಾದ ಸಾಲುಗಳು

ಮೀಟರ್ ರೀಡರ್ ಕೊಟ್ಟುಹೋಗುವ ಚೀಟಿಯಲ್ಲಿ ಅಂಕಿಗಳು ಹಲವಿರುತ್ತವೆ. ಅವುಗಳಲ್ಲಿ ತಪ್ಪದೆ ನೋಡಬೇಕಾದವು ಇವು:

• ಹಿಂದಿನ ಮಾಪನ ಮತ್ತು ಇಂದಿನ ಮಾಪನ. ಇಂದಿನ ಮಾಪನವು ಗೋಡೆಯ ಮೀಟರಿನಲ್ಲಿ ಕಾಣುವ ಅಂಕಿಗೆ ಹೊಂದಬೇಕು.

• ಎರಡು ಮಾಪನಗಳ ನಡುವಿನ ದಿನಗಳು. ಓದುವುದು ತಡವಾದರೆ ಬಳಕೆ ಹೆಚ್ಚಾದಂತೆ ಕಾಣುತ್ತದೆ.

• ಬಾಗಿಲು ಮುಚ್ಚಿದ್ದ ಕಾರಣಕ್ಕೆ ಸರಾಸರಿ ಬಿಲ್ಲು ನೀಡಲಾಗಿದೆಯೇ ಎಂಬುದು. ಮಕ್ಕಳ ಊರಿಗೆ ಹೋಗಿದ್ದು ಹಿಂದಿರುಗಿದವರು ಇದನ್ನು ವಿಶೇಷವಾಗಿ ಗಮನಿಸಬೇಕು.

• ಬಾಕಿ ಮತ್ತು ಭದ್ರತಾ ಠೇವಣಿ. ಠೇವಣಿಯು ಸುಮಾರು ಎರಡು ತಿಂಗಳ ಸರಾಸರಿ ಬಿಲ್ಲಿಗೆ ಸಮನಾಗಿರಬೇಕೆಂಬ ನಿಯಮವಿರುವುದರಿಂದ, ಬಳಕೆ ಏರಿದ ಮನೆಗೆ ಹೆಚ್ಚುವರಿ ಠೇವಣಿಯ ಬೇಡಿಕೆ ಬರಬಹುದು. ಠೇವಣಿಗೆ ಬಡ್ಡಿಯೂ ಉಂಟು. ಅದನ್ನು ಬಿಲ್ಲಿಗೆ ಜಮೆ ಮಾಡಲಾಗುತ್ತದೆ.

• ಪಾವತಿಯ ಕೊನೆಯ ದಿನಾಂಕ.

ಗಂಡನ ಹೆಸರಿನಲ್ಲಿಯೇ ಆರ್‌ಆರ್ ಸಂಖ್ಯೆ ಉಳಿದಿರುವ ಮನೆಗಳು ಬಹಳ. ಮುಂದೆ ಠೇವಣಿ ಅಥವಾ ತಕರಾರಿನ ಸಂದರ್ಭದಲ್ಲಿ ತೊಡಕಾಗದಂತೆ, ಮರಣ ಪ್ರಮಾಣಪತ್ರ ಮತ್ತು ಮನೆಯ ದಾಖಲೆಯೊಂದಿಗೆ ಉಪವಿಭಾಗ ಕಚೇರಿಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಸಲ್ಲಿಸುವುದು ಒಳಿತು.

4. ಒಪ್ಪಿಗೆಯಲ್ಲಿ ಮೇಲ್ಮಿತಿ ಇರಲಿ

ನೇರ ಕಡಿತಕ್ಕೆ ಸಾಮಾನ್ಯವಾಗಿ ಎರಡು ದಾರಿಗಳಿವೆ. ಒಂದು, ಬ್ಯಾಂಕ್ ಖಾತೆಯ ಮೇಲಿನ ನ್ಯಾಚ್ ಮ್ಯಾಂಡೇಟ್. ಇದಕ್ಕೆ ಸಹಿ ಮಾಡಿದ ನಮೂನೆ ಅಥವಾ ಆನ್‌ಲೈನ್ ಒಪ್ಪಿಗೆ ಬೇಕು. ಇನ್ನೊಂದು, ಯುಪಿಐ ಆಟೋಪೇ ಅಥವಾ ಕಾರ್ಡಿನ ಮೂಲಕ ನೀಡುವ ಒಪ್ಪಿಗೆ.

ಯಾವ ದಾರಿಯಾದರೂ ಒಪ್ಪಿಗೆಯಲ್ಲಿ ಗರಿಷ್ಠ ಮೊತ್ತವನ್ನು ನಮೂದಿಸುವ ಜಾಗವಿರುತ್ತದೆ. ಅನೇಕರು ಅಲ್ಲಿ ತೋಚಿದ ದೊಡ್ಡ ಸಂಖ್ಯೆಯನ್ನು ಬರೆದುಬಿಡುತ್ತಾರೆ. ಪಿಂಚಣಿ ಖಾತೆಗೆ ಇದು ತಕ್ಕುದಲ್ಲ. ಕಳೆದ ಹನ್ನೆರಡು ತಿಂಗಳಲ್ಲಿ ಬಂದ ಅತಿ ದೊಡ್ಡ ಬಿಲ್ಲಿಗಿಂತ ತುಸು ಹೆಚ್ಚಿನ ಮೊತ್ತವನ್ನು ಮೇಲ್ಮಿತಿಯಾಗಿ ಬರೆದರೆ ಸಾಕು. ಅದಕ್ಕೂ ಮೀರಿದ ಬಿಲ್ಲು ಬಂದಾಗ ಕಡಿತ ನಡೆಯುವುದಿಲ್ಲ. ಆಗ ಬಿಲ್ಲನ್ನು ಪರಿಶೀಲಿಸಿ, ಸರಿಯಿದ್ದರೆ ಕೊನೆಯ ದಿನಾಂಕದೊಳಗೆ ಕೈಯಿಂದ ಕಟ್ಟಬಹುದು.

ಯುಪಿಐ ಮತ್ತು ಕಾರ್ಡಿನ ಆಟೋಪೇಗೆ ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮಗಳು 2021ರ ಅಕ್ಟೋಬರ್‌ನಿಂದ ಅನ್ವಯವಾಗಿವೆ. ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸಂದೇಶ ಬರಬೇಕು. ಆ ಕಡಿತವನ್ನು ಬೇಡವೆನ್ನಲು ಅಥವಾ ಒಪ್ಪಿಗೆಯನ್ನೇ ಹಿಂಪಡೆಯಲು ಅವಕಾಶವಿರಬೇಕು. ಸಂದೇಶ ಮಗನ ಅಥವಾ ಮೊಮ್ಮಗಳ ಮೊಬೈಲಿಗೆ ಹೋಗುತ್ತಿದ್ದರೆ, ಅದನ್ನು ಹಿರಿಯರಿಗೆ ಓದಿ ಹೇಳುವ ಹೊಣೆಯನ್ನು ಮನೆಯೊಳಗೆ ಒಬ್ಬರು ವಹಿಸಿಕೊಳ್ಳಬೇಕು. ನ್ಯಾಚ್ ಮ್ಯಾಂಡೇಟ್‌ಗೆ ಯುಎಂಆರ್‌ಎನ್ ಎಂಬ ವಿಶಿಷ್ಟ ಸಂಖ್ಯೆ ದೊರೆಯುತ್ತದೆ. ಮುಂದೆ ಅದನ್ನು ರದ್ದುಪಡಿಸಲು ಈ ಸಂಖ್ಯೆ ಬೇಕಾಗುವುದರಿಂದ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡುವುದು ಉತ್ತಮ.

5. ದಿನಾಂಕಗಳ ಹೊಂದಾಣಿಕೆ

ಕಡಿತದ ದಿನ ಖಾತೆಯಲ್ಲಿ ಹಣವಿಲ್ಲದಿದ್ದರೆ ಬಿಲ್ಲು ಬಾಕಿಯಾಗುತ್ತದೆ. ಬ್ಯಾಂಕು ಬೇರೆಯಾಗಿ ಶುಲ್ಕವನ್ನೂ ವಿಧಿಸಬಹುದು. ಹಣದ ಕೊರತೆಯಿಂದ ವಿದ್ಯುನ್ಮಾನ ಪಾವತಿ ಹಿಂದಿರುಗುವುದನ್ನು ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆ, 2007ರ 25ನೇ ಕಲಮು ಚೆಕ್ ಅಮಾನ್ಯವಾದಂತೆಯೇ ಪರಿಗಣಿಸುತ್ತದೆ ಎಂಬುದನ್ನೂ ಮರೆಯಬಾರದು.

ಸಾಮಾಜಿಕ ಭದ್ರತಾ ಪಿಂಚಣಿಗಳು ಪ್ರತಿ ತಿಂಗಳೂ ಒಂದೇ ದಿನಾಂಕಕ್ಕೆ ಜಮೆಯಾಗುತ್ತವೆಂದು ನಂಬಿ ಕುಳಿತುಕೊಳ್ಳಲಾಗದು. ಆದುದರಿಂದ ಕೇವಲ ಈ ಪಿಂಚಣಿಯೊಂದೇ ಬರುವ ಖಾತೆಗೆ ನೇರ ಕಡಿತವನ್ನು ಜೋಡಿಸದಿರುವುದೇ ಕ್ಷೇಮ. ಇಂತಹವರು ಹಣ ಜಮೆಯಾದ ಮೇಲೆ ಕೌಂಟರಿನಲ್ಲಿ ಕಟ್ಟಿ ರಸೀದಿ ಪಡೆಯುವುದು ಮೇಲು. ನಿವೃತ್ತ ನೌಕರರಂತೆ ನಿಶ್ಚಿತ ದಿನದಂದು ಪಿಂಚಣಿ ಪಡೆಯುವವರು, ಜಮೆಯಾದ ಎರಡು ಮೂರು ದಿನಗಳ ನಂತರ ಕಡಿತವಾಗುವಂತೆ ದಿನಾಂಕವನ್ನು ಗೊತ್ತುಪಡಿಸಿಕೊಳ್ಳಬಹುದು.

ನಿವೃತ್ತ ಸರ್ಕಾರಿ ನೌಕರರು ನವೆಂಬರ್ ತಿಂಗಳಲ್ಲಿ ಜೀವಿತ ಪ್ರಮಾಣಪತ್ರ ನೀಡಬೇಕು; ನೌಕರರ ಪಿಂಚಣಿ ಯೋಜನೆಯವರಿಗೆ ಅದು ಸಲ್ಲಿಸಿದ ದಿನದಿಂದ ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಪ್ರಮಾಣಪತ್ರ ತಪ್ಪಿದರೆ ಪಿಂಚಣಿ ನಿಲ್ಲುತ್ತದೆ, ಆದರೆ ನೇರ ಕಡಿತದ ಆದೇಶ ನಿಲ್ಲುವುದಿಲ್ಲ.

ಅಡುಗೆ ಅನಿಲಕ್ಕೂ ಇದೇ ಎಚ್ಚರ ಅಗತ್ಯ. ಉಜ್ವಲಾ ಯೋಜನೆಯ 14.2 ಕಿಲೋ ಸಿಲಿಂಡರಿಗೆ 300 ರೂಪಾಯಿ ಸಹಾಯಧನವಿದ್ದರೂ, ಮೊದಲು ಪೂರ್ಣ ಬೆಲೆ ಕೊಟ್ಟು ಪಡೆಯಬೇಕು. ಸಹಾಯಧನ ಆಮೇಲೆ ಖಾತೆಗೆ ಬರುತ್ತದೆ. ಸಿಲಿಂಡರ್ ಬರುವ ವಾರವೂ ಬಿಲ್ಲಿನ ಕಡಿತದ ವಾರವೂ ಒಂದೇ ಆಗದಂತೆ ನೋಡಿಕೊಂಡರೆ ಕೈಸಾಲ ತಪ್ಪುತ್ತದೆ.

6. ಬಿಲ್ಲು ತಪ್ಪೆನಿಸಿದಾಗ

ಮೊದಲು ಮೀಟರಿನ ಅಂಕಿಯ ಚಿತ್ರ ತೆಗೆದುಕೊಂಡು, 1912 ಸಹಾಯವಾಣಿಗೆ ದೂರು ನೀಡಿ ದೂರಿನ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಬಳಿಕ ಉಪವಿಭಾಗ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಅಲ್ಲಿ ಪರಿಹಾರ ದೊರೆಯದಿದ್ದರೆ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ.

ವಿದ್ಯುಚ್ಛಕ್ತಿ ಕಾಯ್ದೆ, 2003ರ 56ನೇ ಕಲಮು ಗ್ರಾಹಕರಿಗೆ ಮೂರು ರಕ್ಷಣೆಗಳನ್ನು ನೀಡಿದೆ. ಬಾಕಿಗಾಗಿ ಸಂಪರ್ಕ ಕಡಿತಗೊಳಿಸುವ ಮುನ್ನ ಪೂರ್ಣ 15 ದಿನಗಳ ಲಿಖಿತ ನೋಟಿಸು ನೀಡಬೇಕು. ಬಿಲ್ಲಿನ ಬಗ್ಗೆ ತಕರಾರು ಇದ್ದಲ್ಲಿ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿಯಂತೆ ಆಗುವ ಮೊತ್ತ, ಇವೆರಡರಲ್ಲಿ ಕಡಿಮೆಯಾದುದನ್ನು ಆಕ್ಷೇಪಣೆಯೊಂದಿಗೆ ಠೇವಣಿ ಇಟ್ಟರೆ ತಕರಾರು ಇತ್ಯರ್ಥವಾಗುವವರೆಗೆ ಸಂಪರ್ಕ ಕಡಿತಗೊಳಿಸುವಂತಿಲ್ಲ. ಬಾಕಿಯೆಂದು ನಿರಂತರವಾಗಿ ತೋರಿಸದೆ ಬಿಟ್ಟ ಮೊತ್ತವನ್ನು, ಅದು ಮೊದಲು ಪಾವತಿಗೆ ಬಂದ ದಿನದಿಂದ ಎರಡು ವರ್ಷಗಳ ನಂತರ ವಸೂಲು ಮಾಡುವಂತಿಲ್ಲ.

7. ವಂಚನೆಯ ಕರೆಗಳು

“ಬಿಲ್ಲು ಬಾಕಿಯಿದೆ, ಇಂದು ರಾತ್ರಿಯೇ ವಿದ್ಯುತ್ ಕಡಿತವಾಗುತ್ತದೆ, ಈ ಸಂಖ್ಯೆಗೆ ಕರೆ ಮಾಡಿ” ಎಂಬ ಸಂದೇಶ ಬಂದರೆ ಅದನ್ನು ವಂಚನೆಯೆಂದೇ ತಿಳಿಯಬೇಕು. 15 ದಿನಗಳ ಲಿಖಿತ ನೋಟಿಸಿಲ್ಲದೆ ಬಾಕಿಗಾಗಿ ಕಡಿತವಿಲ್ಲ ಎಂಬ ಮೇಲಿನ ನಿಯಮವೇ ಇದಕ್ಕೆ ಉತ್ತರ. ಕರೆ ಮಾಡಿದವರು ಹೇಳಿದ ಆ್ಯಪ್ ಹಾಕಿಕೊಳ್ಳಬಾರದು. ಓಟಿಪಿ, ಯುಪಿಐ ಪಿನ್ ಯಾರಿಗೂ ಹೇಳಬಾರದು. ಪಿನ್ ಇರುವುದು ಹಣ ಕೊಡಲು. ಪಡೆಯಲು ಪಿನ್ ಬೇಕಿಲ್ಲ. ಹಣ ಹೋಗಿದ್ದರೆ ಸಂಕೋಚಪಡದೆ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಅಂದೇ ತಿಳಿಸಬೇಕು. ಗ್ರಾಹಕರ ತಪ್ಪಿಲ್ಲದೆ ನಡೆದ ಅನಧಿಕೃತ ವಹಿವಾಟನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತದೆ.

8. ಮನೆಯಲ್ಲಿ ಇರಬೇಕಾದ ಒಂದು ಪುಟ

ಇಷ್ಟಕ್ಕೂ ಬೇಕಾದುದು ಗೋಡೆಯ ಕ್ಯಾಲೆಂಡರ್ ಮತ್ತು ನೋಟುಪುಸ್ತಕದ ಒಂದು ಹಾಳೆ. ಅದರಲ್ಲಿ ನಾಲ್ಕು ಕಲಂ: ಪಿಂಚಣಿ ಜಮೆಯಾದ ದಿನ, ಬಿಲ್ಲು ಬಂದ ದಿನದ ಮಾಪನ, 20ನೇ ದಿನದ ಮಾಪನ, ಕಡಿತವಾದ ಮೊತ್ತ. ಓದಲು ಬರೆಯಲು ನೆರವು ಬೇಕಾದವರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಮೇಲ್ವಿಚಾರಕರನ್ನು ಅಥವಾ ಶಾಲೆಗೆ ಹೋಗುವ ಮೊಮ್ಮಕ್ಕಳನ್ನು ಕೇಳಬಹುದು. ಆರು ತಿಂಗಳು ಹೀಗೆ ಬರೆದ ಮನೆಗೆ ತನ್ನ ಮಿತಿ ಎಷ್ಟು, ಯಾವ ತಿಂಗಳು ಬಳಕೆ ಏರುತ್ತದೆ, ಮೇಲ್ಮಿತಿಯನ್ನು ಎಷ್ಟಕ್ಕೆ ಇಡಬೇಕು ಎಂಬುದು ತಾನೇ ತಿಳಿಯುತ್ತದೆ. ಅನಂತರವೇ ನೇರ ಕಡಿತಕ್ಕೆ ಒಪ್ಪಿಗೆ ನೀಡುವುದು ವಿಹಿತ.