ಕುರ್ಚಿ ಬೇಕಿತ್ತು, ಕೂತವರು ಬೇಕಿರಲಿಲ್ಲ

ತಾರ್ನಾಕ: ನಾಟಕ ಶುರುವಾಗಲು ಇನ್ನೂ ಅರ್ಧ ಗಂಟೆ ಇತ್ತು. ಸಭಾಂಗಣದ ಹೊರಗೆ ಉಪ್ಪಿಟ್ಟು, ಚಹಾದ ಗದ್ದಲ; ಒಳಗೆ ಮೈಕ್ ಟೆಸ್ಟಿಂಗ್. ಪರದೆಯ ಹಿಂದೆ ಸೈಡ್ ವಿಂಗಿನ ಕತ್ತಲಲ್ಲಿ, ತಾರ್ನಾಕದ ನಿವೃತ್ತ ರೈಲ್ವೆ ನೌಕರರೊಬ್ಬರು ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದರು. ತೊಡೆಯ ಮೇಲೊಂದು ಕೈಚೀಲ. ಅದರಲ್ಲಿ ಸೇಫ್ಟಿ ಪಿನ್ನು, ಸೂಜಿ-ದಾರ, ಸುತಳಿ, ಗಮ್ ಟೇಪು, ಟಾರ್ಚು, ಬೆಂಕಿಪೊಟ್ಟಣ, ತಲೆನೋವಿನ ಮಾತ್ರೆ. ಸಂಜೆ ನಾಲ್ಕಕ್ಕೇ ಬಂದವರು ಮೂವರನ್ನು ಕೇಳಿದ್ದರು, ಏನು ಮಾಡಲಿ ಎಂದು. ಮೂವರಿಂದಲೂ ಒಂದೇ ಉತ್ತರ: "ನೀವು ಆರಾಮ ಕೂಡ್ರಿ ಕಾಕಾ, ನಾವು ನೋಡ್ಕೋತೀವಿ."

ಅದಕ್ಕೇ ಕೂತಿದ್ದರು. ಅಷ್ಟರಲ್ಲಿ ಹುಡುಗನೊಬ್ಬ ಓಡಿಬಂದ. "ಕಾಕಾ, ಸ್ವಲ್ಪ ಏಳ್ರಿ, ಈ ಕುರ್ಚಿ ಸ್ಟೇಜಿಗೆ ಬೇಕು."

ಎದ್ದರು. ಕುರ್ಚಿ ಹೋಯಿತು. ನಾಟಕ ಮುಗಿಯುವವರೆಗೂ ಗೋಡೆಗೊರಗಿ ನಿಂತೇ ಇದ್ದರು. ಕೈಚೀಲದ ಒಂದು ಪಿನ್ನೂ ಖರ್ಚಾಗಲಿಲ್ಲ. ಕೊನೆಗೆ ವೇದಿಕೆಯ ಮೇಲೆ ಎಲ್ಲರಿಗೂ ಹೂಗುಚ್ಛ ಕೊಡುವಾಗ "ಹಾಗೂ ತೆರೆಮರೆಯಲ್ಲಿ ದುಡಿದ ಎಲ್ಲರಿಗೂ" ಎಂದು ನಿರೂಪಕಿ ಹೇಳಿದಾಗ, ತಾನು ದುಡಿದವರ ಪೈಕಿಯೋ ಅಲ್ಲವೋ ಎಂಬುದು ಅವರಿಗೇ ತಿಳಿಯಲಿಲ್ಲ. ಮನೆಗೆ ಬಂದು ಹೆಂಡತಿಯ ಮುಂದೆ ಇಷ್ಟೇ ಹೇಳಿದರು: "ಇನ್ನ ಮುಂದ ಪ್ರೇಕ್ಷಕನಾಗಿ ಹೋದ್ರ ಸಾಕು."

ನಮ್ಮ ಸಂಘಗಳಲ್ಲಿ ಹಿರಿಯರು ದೂರವಾಗುವುದು ಹೀಗೆಯೇ. ಜಗಳವಾಡಿ ಹೋದವರನ್ನು ಕಾರ್ಯದರ್ಶಿ ಮನೆಗೇ ಹೋಗಿ ಕರೆತರುತ್ತಾರೆ. ಸದ್ದಿಲ್ಲದೆ ಬರುವುದನ್ನು ಬಿಟ್ಟವರ ಲೆಕ್ಕ ಯಾರೂ ಇಡುವುದಿಲ್ಲ.

ಹಾಗೆಂದು ಹುಡುಗರನ್ನು ದೂರಿ ಫಲವಿಲ್ಲ. ಹಿರಿಯರಿಗೆ ತೊಂದರೆ ಕೊಡಬಾರದೆಂಬುದೇ ಅವರ ಮನಸ್ಸಿನಲ್ಲಿತ್ತು. ತೆರೆಮರೆಯ ಕೆಲಸವೇ ಕಡಿಮೆಯಾಗಿರುವುದೂ ನಿಜ. ಹಿಂದೆ ಬರೆದ ಪರದೆಗಳನ್ನು ಸುತ್ತಿ ಇಳಿಸಲು ಇಬ್ಬರು ಬೇಕಿತ್ತು. ಪೆಟ್ರೊಮ್ಯಾಕ್ಸ್‌ಗೆ ಒಬ್ಬ, ಮರೆಯಲ್ಲಿ ನಿಂತು ಮಾತು ಎತ್ತಿಕೊಡಲು ಇನ್ನೊಬ್ಬ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂತೂ ವೀರಣ್ಣನವರ ಕಾಲದಲ್ಲಿ 'ಕುರುಕ್ಷೇತ್ರ' ನಾಟಕಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಆನೆ ವೇದಿಕೆಗೆ ಬರಬೇಕಾದರೆ ಹಿಂದೆ ಎಷ್ಟು ಜನ ಬೇಕೆಂದು ಯಾರು ಬೇಕಾದರೂ ಊಹಿಸಬಹುದು. ಈಗ ಸಭಾಂಗಣದವರದ್ದೇ ಲೈಟು, ಅವರದ್ದೇ ಧ್ವನಿವರ್ಧಕ. ಮೇಕಪ್‌ನವರು ತಮ್ಮ ಹುಡುಗರನ್ನು ಕರೆತರುತ್ತಾರೆ. ಹಿನ್ನೆಲೆ ಸಂಗೀತ ಮೊದಲೇ ರೆಕಾರ್ಡ್ ಆಗಿರುತ್ತದೆ. ಸಂಘಗಳಿಗೆ ಪ್ರಿಯವಾದ ಕೈಲಾಸಂ ಅವರ ಪ್ರಹಸನಗಳನ್ನು ಆಡಿದರಂತೂ ಹೆಚ್ಚುಕಡಿಮೆ ಎಲ್ಲವೂ ಮನೆಯೊಳಗೇ ನಡೆಯುತ್ತದೆ: ಒಂದು ಮೇಜು, ನಾಲ್ಕು ಕುರ್ಚಿ. ಪರದೆ ಎಳೆಯುವ ಹಗ್ಗಕ್ಕೂ ಅಲ್ಲಿ ಅಂಥ ಕೆಲಸವಿಲ್ಲ.

ಇದೆಲ್ಲ ಗೊತ್ತಿದ್ದೂ "ಎಲ್ಲರೂ ಬನ್ನಿ, ಕೈಜೋಡಿಸಿ" ಎಂದು ಕರೆಯುವುದನ್ನು ಮಾತ್ರ ನಾವು ಬಿಟ್ಟಿಲ್ಲ. ಬಂದವರ ಕೈಗೆ ಏನು ಕೊಡಬೇಕೆಂದು ಯೋಚಿಸಿರುವುದಿಲ್ಲ. ಲಗ್ನಪತ್ರಿಕೆ ಕೊಟ್ಟು ಎಲೆ ಹಾಕದ ಹಾಗೆ.

ಇದಕ್ಕೆ ಪಾಠ ಹುಡುಕಿ ದೂರ ಹೋಗಬೇಕಿಲ್ಲ. ಇದೇ ನಗರದ ಇನ್ನೊಂದು ತುದಿಯ ಶೇರಿಲಿಂಗಂಪಲ್ಲಿಯಲ್ಲಿ ಸುರಭಿ ಕಾಲೊನಿ ಇದೆ. ಕಡಪಾ ಜಿಲ್ಲೆಯ ಸುರಭಿ ಗ್ರಾಮದಲ್ಲಿ 1885ರಲ್ಲಿ ಆರಂಭವಾದ ತೆಲುಗು ನಾಟಕ ಪರಂಪರೆಯ ಕುಟುಂಬಗಳು ಅಲ್ಲಿ ನೆಲೆಸಿವೆ. ಅವರ 'ಮಾಯಾಬಜಾರ್' ನೋಡಿದ ತಾರ್ನಾಕದ ಕನ್ನಡಿಗರೂ ಇದ್ದಾರೆ. ಗಾಳಿಯಲ್ಲಿ ತೇಲಿಬರುವ ಪಾತ್ರಗಳು, ಕಣ್ಣ ಮುಂದೆಯೇ ಬದಲಾಗುವ ದೃಶ್ಯಗಳು ಎಲ್ಲವೂ ಹಗ್ಗ, ತಂತಿ ಮತ್ತು ಕೈಗಳ ಕರಾಮತ್ತು. ಮನೆಮಂದಿಯೇ ಕಂಪನಿಯಾದ್ದರಿಂದ ನಟನೆ, ಪರದೆ, ವಾದ್ಯ ಎಲ್ಲವನ್ನೂ ಅವರೇ ಹಂಚಿಕೊಳ್ಳುತ್ತಾರೆ. ಹಗ್ಗ ಹಿಡಿದವನು ಕೈಬಿಟ್ಟರೆ ಮೇಲಿದ್ದವನು ಕೆಳಗೆ! ಅಲ್ಲಿ ಯಾರಿಗೂ "ನೀವು ಕೂಡ್ರಿ" ಎನ್ನುವ ಹಾಗಿಲ್ಲ.

ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ್ದ ನಮ್ಮ ಬಿ.ವಿ. ಕಾರಂತರು 1990ರ ದಶಕದಲ್ಲಿ ಇದೇ ಸುರಭಿ ಕಲಾವಿದರಿಗೆ ನಾಟಕಗಳನ್ನು ನಿರ್ದೇಶಿಸಿದ್ದರೆಂಬುದು ಹೈದರಾಬಾದಿನ ಕನ್ನಡಿಗರಲ್ಲಿ ಹಲವರಿಗೆ ಗೊತ್ತಿಲ್ಲ. ಹೆಗ್ಗೋಡಿನ ನೀನಾಸಂ 1985ರಲ್ಲಿ ಆರಂಭಿಸಿದ 'ತಿರುಗಾಟ'ದಲ್ಲೂ ಅಷ್ಟೆ. ರಾತ್ರಿ ರಾಜನಾದವನೇ ನಾಟಕ ಮುಗಿದ ಮೇಲೆ ಸಾಮಾನು ಕಟ್ಟುವುದಕ್ಕೂ ನಿಲ್ಲಬೇಕು.

ಸಂಘದ ನಾಟಕವನ್ನು ಕಂಪನಿ ನಾಟಕಕ್ಕೆ ಹೋಲಿಸುವುದು ಸರಿಯಲ್ಲ ಎನ್ನುವವರಿದ್ದಾರೆ. ವರ್ಷಕ್ಕೊಂದು ನಾಟಕ, ಆಫೀಸು ಮುಗಿಸಿ ಬರುವ ನಟರು, ಅಪಾರ್ಟ್‌ಮೆಂಟಿನ ಸೆಲ್ಲಾರ್‌ನಲ್ಲಿ ಸ್ಕೂಟರುಗಳ ನಡುವೆ ರಿಹರ್ಸಲ್. ಆಗಲಿ. ಆದರೆ ಒಬ್ಬರಿಗೆ ಒಂದು ಕೆಲಸವನ್ನು ಹೆಸರು ಹಿಡಿದು ಒಪ್ಪಿಸಲು ಕಂಪನಿಯೇ ಆಗಬೇಕೇ?

ಮರುವರ್ಷ ಆ ಸಂಘದಲ್ಲಿ ನಡೆದದ್ದು ಇಷ್ಟು. ನಿರ್ದೇಶನಕ್ಕೆ ನಿಂತ ಹೆಣ್ಣುಮಗಳು ಕಾಕಾ ಅವರ ಮನೆಗೆ ಹೋಗಿ, ನಾಟಕದ ಪ್ರತಿಯೊಂದನ್ನು ಕೈಗಿಟ್ಟು, "ಸಾಮಾನಿನ ಪಟ್ಟಿ ನಿಮ್ಮದು. ಏನಾದ್ರೂ ತಪ್ಪಿದ್ರೆ ನಿಮ್ಮನ್ನೇ ಕೇಳ್ತೀನಿ" ಎಂದರಂತೆ. ಆ ಕೊನೆಯ ಮಾತು ಕೆಲಸ ಮಾಡಿತು. ರೈಲ್ವೆಯಲ್ಲಿ ಸ್ಟೋರ್ಸ್ ನೋಡಿಕೊಂಡವರು; ಎರಡೇ ದಿನದಲ್ಲಿ ಗೆರೆ ಎಳೆದ ನೋಟುಪುಸ್ತಕ ತಯಾರಾಯಿತು. ಯಾವ ದೃಶ್ಯಕ್ಕೆ ಯಾವ ವಸ್ತು, ಯಾವ ಬದಿಯಿಂದ ಹೋಗಬೇಕು, ಯಾರ ಮನೆಯಿಂದ ತಂದದ್ದು, ವಾಪಸ್ ಕೊಟ್ಟಾಯಿತೇ ಎಂಬುದಕ್ಕೆಲ್ಲ ಒಂದೊಂದು ಕಾಲಮ್ಮು. ವಕೀಲನ ಮೇಜಿನ ಮೇಲಿಟ್ಟಿದ್ದ ದಪ್ಪ ಪುಸ್ತಕದ ಬೆನ್ನಿನ ಮೇಲೆ ಎಂಸೆಟ್ ಗೈಡ್ ಎಂದಿರುವುದನ್ನು ಮೊದಲು ಕಂಡವರೂ ಅವರೇ. ಕಂದು ಕಾಗದದ ರಟ್ಟು ಹಾಕಿದರು.

ಅಷ್ಟಾದರೂ ನಾಟಕದ ದಿನ ಅವರು ಮಾಡಿದ್ದು ಬಹುಪಾಲು ಕಾಯುವುದನ್ನೇ. ಒಂದೂವರೆ ಗಂಟೆಯ ನಾಟಕದಲ್ಲಿ ಅವರ ಕೈಗೆ ಕೆಲಸ ಬಿದ್ದದ್ದು ನಾಲ್ಕೈದು ನಿಮಿಷ ಇರಬಹುದು. ಆದರೆ ಪುಸ್ತಕ ಕಂಕುಳಲ್ಲಿತ್ತು, ಪೆನ್ಸಿಲ್ ಕಿವಿಯ ಮೇಲಿತ್ತು.

ನಾಟಕಕ್ಕೆ ಮುಂಚೆ ದಣಿದ ಯುವಕನೊಬ್ಬ ವಿಂಗಿಗೆ ಬಂದು ಅಲ್ಲಿದ್ದ ಬೆತ್ತದ ಕುರ್ಚಿಯ ಮೇಲೆ ಕುಸಿದ. ಕಾಕಾ ಪುಸ್ತಕ ತೆರೆದು ನೋಡಿದರು.

"ಏಳಪ್ಪಾ. ಅದು ಒಂದನೇ ಸೀನಿಂದು."