ಹೊಸ್ತಿಲು ದಾಟುವ ಬೆಕ್ಕಿನ ಮರಿ

ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತನ್ನು ಕೇಳದ ಕನ್ನಡಿಗರು ವಿರಳ. ಊರಿನ ದೊಡ್ಡ ಮನೆಗಳಲ್ಲಿ ಅದು ಬರಿಯ ಮಾತಾಗಿರದೆ ಕಣ್ಣೆದುರಿನ ಸಂಗತಿಯೇ ಆಗಿತ್ತು. ಅಟ್ಟದ ಮೂಲೆಯಲ್ಲಿ ಹುಟ್ಟಿದ ಮರಿ ಸರಿಯಾಗಿ ನಡೆಯಲು ಕಲಿಯುವುದರೊಳಗಾಗಿ ಸೌದೆಯ ಕೊಟ್ಟಿಗೆಗೂ, ಅಲ್ಲಿಂದ ಹುಲ್ಲುಮೆದೆಯ ಸಂದಿಗೂ ತಾಯಿಯ ಬಾಯಲ್ಲಿ ಪ್ರಯಾಣ ಬೆಳೆಸಿರುತ್ತಿತ್ತು. ವೇದಾಂತಿಗಳು ಶರಣಾಗತಿಯನ್ನು ವಿವರಿಸಲು ಮಾರ್ಜಾಲಕಿಶೋರ ನ್ಯಾಯವನ್ನು ಆರಿಸಿಕೊಂಡುದು ಈ ನೋಟದಿಂದಲೇ. ಮರಿಯ ಕಡೆಯಿಂದ ಯಾವ ಪ್ರಯತ್ನವೂ ಇಲ್ಲ. ಹೊಣೆಯೆಲ್ಲ ಎತ್ತಿಕೊಂಡು ಹೋಗುವ ತಾಯಿಯದು. ಮುಂದೆ ಮರಿ ತಾನೇ ನಡೆಯತೊಡಗಿದಾಗಲೂ ತಾಯಿ ಅದನ್ನು ಒಮ್ಮೆಲೇ ಕೈಬಿಡುತ್ತಿರಲಿಲ್ಲ. ನಾಯಿ ಬಂದರೆ ಯಾವ ಮರವನ್ನು ಹತ್ತಬೇಕು, ಎಷ್ಟು ಎತ್ತರದಿಂದ ಹಾರಬಹುದು ಎಂಬುದನ್ನೆಲ್ಲ ಮರಿ ತಾಯಿಯ ಹಿಂದೆ ಹಿಂದೆ ನಡೆದೇ ಕಲಿಯುತ್ತಿತ್ತು.

ಮುಂಬಯಿ, ಪುಣೆ, ಚೆನ್ನೈಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ಬರುವ ಮರಿಗೆ ಈ ತಾಯಿಯಿಲ್ಲ. ಮಳೆಗಾಲದ ಸಂಜೆ ಮೆಟ್ಟಿಲ ಕೆಳಗೆ ಕೂಗುತ್ತಿದ್ದುದನ್ನು ಮಕ್ಕಳು ಎತ್ತಿ ತಂದಿರುತ್ತಾರೆ. ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಪಂಚೆಯ ತುಂಡು ಹಾಸಿ ಅದಕ್ಕೆ ಬಿಡಾರ ಮಾಡಿಕೊಡುತ್ತಾರೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದು ಬಾಗಿಲ ಬಳಿ ಕುಳಿತು ಹೊರಗೆ ಹೋಗಬೇಕೆಂದು ಹಟ ಹಿಡಿಯುತ್ತದೆ. ಆಗ ಮನೆಯ ಹಿರಿಯರು, “ಊರಲ್ಲಿ ಬೆಕ್ಕನ್ನು ಯಾರು ಕೂಡಿ ಹಾಕುತ್ತಿದ್ದರು? ಬಿಡಿ, ತಾನೇ ಹೋಗಿ ಬರುತ್ತದೆ” ಎನ್ನುವುದು ಸಹಜ. ಊರಿನಲ್ಲಿಯೂ ಹೋದ ಮರಿಗಳೆಲ್ಲ ಮರಳಿ ಬರುತ್ತಿರಲಿಲ್ಲ. ಅವುಗಳ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲವೆಂಬುದಷ್ಟೇ ನಿಜ. ಮಹಾನಗರದಲ್ಲಿಯಂತೂ ಮರಿಯನ್ನು ಹೊರಗೆ ಬಿಡುವ ಮುನ್ನ ತಾಯಿ ಮಾಡುತ್ತಿದ್ದ ಕೆಲಸವನ್ನು ಮನೆಯವರೇ ವಹಿಸಿಕೊಳ್ಳಬೇಕಾಗುತ್ತದೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಮನೆ ಯಾವ ಮಹಡಿಯಲ್ಲಿದೆ ಎಂಬುದು. ಬೆಕ್ಕು ಎಲ್ಲಿಂದ ಬಿದ್ದರೂ ಕಾಲೂರಿಯೇ ಬೀಳುತ್ತದೆ, ಅದಕ್ಕೇನೂ ಆಗುವುದಿಲ್ಲ ಎಂಬ ನಂಬಿಕೆ ಬಲವಾಗಿದೆ. ಇದರ ಪೂರ್ವಾರ್ಧ ಸತ್ಯ. 1894ರಲ್ಲಿ ಫ್ರಾನ್ಸಿನ ಎಟಿಯೆನ್ ಜೂಲ್ ಮಾರೆ ಎಂಬ ವಿಜ್ಞಾನಿ ಬೀಳುತ್ತಿರುವ ಬೆಕ್ಕಿನ ಛಾಯಾಚಿತ್ರಗಳನ್ನು ಒಂದರ ಹಿಂದೊಂದು ತೆಗೆದು, ಅದು ಗಾಳಿಯಲ್ಲಿಯೇ ಮೈ ತಿರುಚಿ ಕಾಲುಗಳನ್ನು ಕೆಳಗೆ ಮಾಡಿಕೊಳ್ಳುವ ಬಗೆಯನ್ನು ತೋರಿಸಿಕೊಟ್ಟನು. ಈ ಶಕ್ತಿ ಮರಿಗೆ ಹುಟ್ಟಿದಾಗಲೇ ಇರುವುದಿಲ್ಲ. ಮೂರು ನಾಲ್ಕು ವಾರಗಳಲ್ಲಿ ಮೊಳೆತು, ಇನ್ನೂ ಕೆಲವು ವಾರಗಳಲ್ಲಿ ಪಕ್ವವಾಗುತ್ತದೆ. ಆದರೆ ಕಾಲೂರಿ ಬಿದ್ದ ಮಾತ್ರಕ್ಕೆ ಪೆಟ್ಟು ತಪ್ಪುವುದಿಲ್ಲ. ಎತ್ತರದಿಂದ ಬಿದ್ದ ಬೆಕ್ಕಿನ ದವಡೆ ಸೀಳುತ್ತದೆ, ಕಾಲಿನ ಎಲುಬು ಮುರಿಯುತ್ತದೆ, ಎದೆಗೂಡಿನಲ್ಲಿ ಗಾಳಿ ಸೇರಿ ಉಸಿರು ಕಟ್ಟುತ್ತದೆ. ನ್ಯೂಯಾರ್ಕಿನ ಒಂದು ಪಶುವೈದ್ಯಾಲಯಕ್ಕೆ ಹೀಗೆ ಬಿದ್ದು ಬಂದ 132 ಬೆಕ್ಕುಗಳನ್ನು ಕುರಿತು 1987ರಲ್ಲಿ ಪ್ರಕಟವಾದ ವರದಿಯೊಂದಿದೆ. ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ ತೊಂಬತ್ತು ಬದುಕಿದವೆಂಬ ಅಂಶವನ್ನೇ ಜನರು ಎತ್ತಿ ಹೇಳುತ್ತಾರೆ. ಬಿದ್ದ ಸ್ಥಳದಲ್ಲಿಯೇ ಸತ್ತ ಬೆಕ್ಕನ್ನು ಆಸ್ಪತ್ರೆಗೆ ಯಾರು ತಾನೇ ಒಯ್ದಾರು? ಆ ಲೆಕ್ಕದಲ್ಲಿ ಅವು ಸೇರಿಯೇ ಇಲ್ಲ.

ಗ್ಯಾಲರಿಯ ಕಠಡೆಯ ಮೇಲೆ ಪಾರಿವಾಳ ಬಂದು ಕುಳಿತರೆ ಮರಿಗೆ ನಾಲ್ಕನೆಯ ಮಹಡಿಯ ನೆನಪಿರುವುದಿಲ್ಲ. ಕಿಟಕಿಯ ಕಬ್ಬಿಣದ ಸರಳುಗಳನ್ನು ನಂಬುವಂತೆಯೂ ಇಲ್ಲ. ತಲೆ ತೂರಿದ ಸಂದಿಯಲ್ಲಿ ಮರಿಯ ಮೈಯೂ ತೂರುತ್ತದೆ. ಆದುದರಿಂದ ಮೇಲಿನ ಮಹಡಿಗಳಲ್ಲಿ ವಾಸಿಸುವವರು ಮರಿಯನ್ನು ಹೊರಗೆ ಬಿಡುವ ವಿಚಾರವನ್ನೇ ಕೈಬಿಡುವುದು ಲೇಸು. ಗ್ಯಾಲರಿಗೆ ಒತ್ತಾದ ಬಲೆಯನ್ನು ಮೇಲಿನಿಂದ ಕೆಳಗಿನವರೆಗೆ ಬಿಗಿದು, ಬಿಸಿಲು ಬೀಳುವಲ್ಲಿ ಒಂದು ಮಣೆಯನ್ನೂ ಮೈ ಉಜ್ಜಲು ಒಂದು ಮರದ ತುಂಡನ್ನೂ ಇಟ್ಟರೆ ಅದಕ್ಕೆ ಹೊರಗಿನ ಗಾಳಿಯೂ ಹಕ್ಕಿಗಳ ನೋಟವೂ ದೊರೆಯುತ್ತವೆ. ಬೆಕ್ಕಿಗೆ ಇದು ಸೆರೆಮನೆಯಾಯಿತೆಂದು ಮರುಗುವವರುಂಟು. ದಿನಕ್ಕೆ ಎರಡು ಬಾರಿ ಮಕ್ಕಳು ದಾರದ ತುದಿಗೆ ಕಾಗದ ಕಟ್ಟಿ ಆಡಿಸಿದರೆ ಆ ಮರುಕಕ್ಕೆ ಕಾರಣ ಉಳಿಯದು.

ಇನ್ನು ನೆಲಮಾಳಿಗೆಯ ಮನೆ, ಕೈತೋಟವಿರುವ ಮನೆ, ಒಳಗೆ ವಾಹನ ಸುಳಿಯದ ಹಳೆಯ ಚಾಳು ಇವುಗಳ ಮಾತು ಬೇರೆ. ಅಲ್ಲಿಯೂ ಮರಿಗೆ ಐದಾರು ತಿಂಗಳು ತುಂಬುವವರೆಗೆ ಕಾಯಬೇಕು. ಕಾರಣ ರೋಗಭಯ. ಬೆಕ್ಕುಗಳಿಗೆ ಬರುವ ಪ್ಯಾನ್‌ಲ್ಯೂಕೋಪೀನಿಯ ಎಂಬ ವಾಂತಿಭೇದಿಯ ರೋಗ ಆಡುತ್ತಿದ್ದ ಮರಿಯನ್ನು ಕೆಲವೇ ದಿನಗಳಲ್ಲಿ ಕೊಂಡೊಯ್ಯುತ್ತದೆ. ಅದರ ವೈರಸ್ಸು ನೆಲದ ಮೇಲೆ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲದು. ಮನೆಯವರ ಪಾದರಕ್ಷೆಯೊಡನೆ ಒಳಗೂ ಬರಬಲ್ಲದು. ಇದಕ್ಕೂ, ನೆಗಡಿಯಂತೆ ಕಾಣಿಸಿಕೊಂಡು ಕಣ್ಣು ಮೂಗುಗಳನ್ನು ಕೆಡಿಸುವ ಇನ್ನೆರಡು ರೋಗಗಳಿಗೂ ಸೇರಿಸಿ ಒಂದೇ ಲಸಿಕೆಯುಂಟು. 6ರಿಂದ 8 ವಾರಗಳ ವಯಸ್ಸಿನಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ, 16 ವಾರಗಳು ತುಂಬುವವರೆಗೆ ಅದನ್ನು ಹಾಕಿಸಬೇಕು. ಒಂದೇ ಚುಚ್ಚುಮದ್ದು ಸಾಲದೇ ಎಂದು ಕೇಳುವುದುಂಟು. ತಾಯಿಯ ಹಾಲಿನಿಂದ ಬಂದ ರಕ್ಷಣೆಯೇ ಕೆಲಕಾಲ ಲಸಿಕೆಯ ಪರಿಣಾಮಕ್ಕೆ ಅಡ್ಡಿಯಾಗುವುದರಿಂದ, ಆ ಅಡ್ಡಿ ಯಾವ ವಾರ ಕಳೆಯುವುದೆಂದು ತಿಳಿಯದೆ ಹೀಗೆ ಮತ್ತೆ ಮತ್ತೆ ಹಾಕುತ್ತಾರೆ. 12 ವಾರಗಳಾದ ಮೇಲೆ ರೇಬೀಸ್ ಲಸಿಕೆ ಪ್ರತ್ಯೇಕವಾಗಿ ಆಗಬೇಕು. ವರ್ಷದ ನಂತರ ಎರಡನ್ನೂ ಪುನಃ ಹಾಕಿಸಬೇಕು.

ಸಂತಾನಹರಣ ಶಸ್ತ್ರಚಿಕಿತ್ಸೆಯೂ ಹೊರಗೆ ಬಿಡುವ ಮುನ್ನವೇ ಮುಗಿಯತಕ್ಕದ್ದು. ಹೆಣ್ಣುಮರಿ ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು. ಒಂಬತ್ತು ವಾರಗಳ ಗರ್ಭದ ಬಳಿಕ, ತಾನೇ ಮರಿಯಾಗಿರುವಾಗಲೇ ಅದು ತಾಯಿಯಾಗುತ್ತದೆ. ಗಂಡಾದರೆ ಹೆಣ್ಣನ್ನು ಹುಡುಕಿಕೊಂಡು ರಸ್ತೆ ದಾಟುತ್ತದೆ, ಇತರ ಗಂಡುಗಳೊಡನೆ ಕಾದಾಡುತ್ತದೆ. ಈ ಕಾದಾಟದ ಕಡಿತದಿಂದಲೇ ಬೆಕ್ಕುಗಳ ರೋಗನಿರೋಧಕ ಶಕ್ತಿಯನ್ನು ನಾಶಮಾಡುವ ವೈರಸ್ಸು ಹರಡುತ್ತದೆ. ಮುಂಬಯಿಯಲ್ಲಿ ಇಂತಹ ಚಿಕಿತ್ಸೆಗಳ ಪರಂಪರೆ ಹಳೆಯದು. ಪರೇಲಿನ ಬಾಯಿ ಸಾಕರಬಾಯಿ ದಿನ್ಶಾ ಪೆಟಿಟ್ ಪಶು ಆಸ್ಪತ್ರೆ 19ನೆಯ ಶತಮಾನದಷ್ಟು ಹಿಂದಿನಿಂದ ನಡೆದು ಬಂದಿದೆ.

ಮರಿಯ ಆರೋಗ್ಯ ಮನೆಯ ಮಕ್ಕಳ ಆರೋಗ್ಯದಿಂದ ಬೇರೆಯಲ್ಲ. ರೇಬೀಸ್ ನಾಯಿಯಿಂದ ಮಾತ್ರ ಬರುವುದೆಂದು ತಿಳಿಯುವುದು ಅಪಾಯಕರ. ಹೊರಗೆ ಸುತ್ತುವ ಬೆಕ್ಕು ಹುಚ್ಚುನಾಯಿಯಿಂದ ಕಡಿಸಿಕೊಂಡರೆ ಅದೇ ರೋಗವನ್ನು ಮನೆಗೆ ತರಬಲ್ಲದು, ಮತ್ತು ರೋಗದ ಲಕ್ಷಣಗಳು ತೋರಿದ ಬಳಿಕ ಮನುಷ್ಯನನ್ನು ಉಳಿಸಿಕೊಳ್ಳುವುದು ಬಹುತೇಕ ಅಸಾಧ್ಯ. ಬೆಕ್ಕು ಕಚ್ಚಿದರೆ, ರಕ್ತ ಬರುವಂತೆ ಪರಚಿದರೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಮೆಣಸಿನ ಪುಡಿ, ಅರಿಶಿನ ಯಾವುದನ್ನೂ ಮೆತ್ತಬಾರದು. ಅಂದೇ ವೈದ್ಯರನ್ನು ಕಂಡು, ಅವರು ಗೊತ್ತುಮಾಡಿದ ಎಲ್ಲ ದಿನಗಳಲ್ಲಿಯೂ ತಪ್ಪದೆ ಲಸಿಕೆ ಪಡೆಯಬೇಕು. “ನಮ್ಮ ಮನೆಯ ಬೆಕ್ಕೇ ಅಲ್ಲವೆ” ಎಂಬ ಸಮಾಧಾನ ಇಲ್ಲಿ ಸಲ್ಲದು.

ಸೊಸೆ ಗರ್ಭಿಣಿಯಾದ ಕೂಡಲೆ ಬೆಕ್ಕನ್ನು ಚೀಲದಲ್ಲಿ ಹಾಕಿ ದೂರ ಬಿಟ್ಟುಬರುವ ಪದ್ಧತಿಯೂ ಕೆಲವು ಮನೆಗಳಲ್ಲಿದೆ. ಟಾಕ್ಸೊಪ್ಲಾಸ್ಮ ಎಂಬ ಸೂಕ್ಷ್ಮಜೀವಿ ಬೆಕ್ಕಿನ ಮಲದ ಮೂಲಕ ಹೊರಬರುವುದು ನಿಜ. ಗರ್ಭಸ್ಥ ಶಿಶುವಿಗೆ ಅದರಿಂದ ಹಾನಿಯಾಗುವುದೂ ನಿಜ. ಆದರೆ ಹೊರಬಿದ್ದ ಒಡನೆ ಅದಕ್ಕೆ ಸೋಂಕು ತಗಲಿಸುವ ಶಕ್ತಿ ಇರುವುದಿಲ್ಲ, ಒಂದು ದಿನವಾದರೂ ಬೇಕು. ಮರಳಿನ ತಟ್ಟೆಯನ್ನು ಪ್ರತಿದಿನವೂ ಮನೆಯ ಬೇರೊಬ್ಬರು ಶುಚಿಮಾಡಿದರೆ, ಬೆಕ್ಕಿಗೆ ಹಸಿಮಾಂಸ ಕೊಡದಿದ್ದರೆ, ಆ ಅವಧಿಯಲ್ಲಿ ಅದನ್ನು ಹೊರಗೆ ಬಿಡದಿದ್ದರೆ ಭಯ ಬಹುಪಾಲು ದೂರವಾಗುತ್ತದೆ. ಸಾಕಿದ ಪ್ರಾಣಿಯನ್ನು ಹಸಿವಿಗೆ ಗುರಿಮಾಡಿ ಬೀದಿಪಾಲು ಮಾಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಶಾಕಾಹಾರಿಗಳ ಮನೆಯಲ್ಲಿ ಬೆಳೆಯುವ ಮರಿಗೆ ಇನ್ನೊಂದು ಕಷ್ಟವುಂಟು. ಹಾಲು ಅನ್ನ, ಮೊಸರನ್ನಗಳಿಂದ ಅದರ ಹೊಟ್ಟೆ ತುಂಬೀತು, ದೇಹ ಬೆಳೆಯದು. ಟಾರೀನ್ ಎಂಬ ಅಂಶ ಬೆಕ್ಕಿಗೆ ಅತ್ಯವಶ್ಯಕ. ಅದು ಮಾಂಸ ಮೀನುಗಳಲ್ಲಿದೆ, ಅಕ್ಕಿಬೇಳೆಗಳಲ್ಲಿಲ್ಲ. ಅದರ ಕೊರತೆಯಿಂದ ಬೆಕ್ಕಿನ ಕಣ್ಣು ಹೋಗುತ್ತದೆಂದು 1975ರಲ್ಲಿಯೂ, ಹೃದಯ ಸೋಲುತ್ತದೆಂದು 1987ರಲ್ಲಿಯೂ ಸಂಶೋಧಕರು ತೋರಿಸಿದರು. ಮನೆಯಲ್ಲಿ ಮೀನು ಬೇಯಿಸಲೊಲ್ಲದವರು ಅಂಗಡಿಯಲ್ಲಿ ದೊರೆಯುವ ಬೆಕ್ಕಿನ ಸಿದ್ಧ ಆಹಾರವನ್ನು ಕೊಡಬಹುದು. ಅದರಲ್ಲಿ ಟಾರೀನ್ ಬೆರೆಸಿರುತ್ತಾರೆ. ಅರೆಹೊಟ್ಟೆಯ ಬೆಕ್ಕು ಇಲಿಯನ್ನು ಅರಸಿ ಹೋಗುತ್ತದೆ, ಮಹಾನಗರದ ಇಲಿಯೋ ಪಾಷಾಣ ತಿಂದದ್ದಾಗಿರಬಹುದು.

ಈ ಸಿದ್ಧತೆಗಳೆಲ್ಲ ಆದ ಮೇಲೆ ಮೊದಲ ದಿನವನ್ನು ಆರಿಸಬೇಕು. ಮಳೆಯ ದಿನ ಬೇಡ, ದೀಪಾವಳಿಯ ಪಟಾಕಿಯ ವಾರವಂತೂ ಬೇಡವೇ ಬೇಡ. ರಜಾದಿನದ ಬೆಳಿಗ್ಗೆ, ವಾಹನಗಳ ಗದ್ದಲ ಏಳುವ ಮುನ್ನ, ಮರಿಗೆ ಇನ್ನೂ ಆಹಾರ ಹಾಕದಿರುವಾಗ, ಬಾಗಿಲನ್ನು ತೆರೆದಿಟ್ಟು ಮನೆಯವರು ಹೊರಗೆ ಕುಳಿತುಕೊಳ್ಳಬೇಕು. ಎತ್ತಿಕೊಂಡು ಹೋಗಿ ಅಂಗಳದಲ್ಲಿ ಇಳಿಸುವುದು ತಪ್ಪು. ತಾನೇ ನಡೆದು ಹೊಸ್ತಿಲು ದಾಟಿದ ಮರಿಗೆ ಹಿಂದಿರುಗುವ ದಾರಿ ತನ್ನದೇ ವಾಸನೆಯ ಗುರುತಿನಿಂದ ತಿಳಿದಿರುತ್ತದೆ. ಅದು ಹೊಸ್ತಿಲ ಮೇಲೆ ಅರ್ಧ ಗಂಟೆ ಕುಳಿತು ಒಳಗೇ ಹೋದರೆ ಹೋಗಲಿ. ಅಂದಿಗೆ ಅಷ್ಟೇ ಸಾಕು. ಹೊರಬಂದರೆ ಹತ್ತು ನಿಮಿಷ ಬಿಟ್ಟು, ಆಹಾರದ ಡಬ್ಬಿಯನ್ನು ಅಲ್ಲಾಡಿಸಿ ಹೆಸರು ಹಿಡಿದು ಕರೆಯಬೇಕು. ಈ ಸದ್ದಿಗೆ ಓಡಿಬರುವ ಅಭ್ಯಾಸವನ್ನು ಮೊದಲೇ ಹಲವು ವಾರ ಮನೆಯೊಳಗೆ ಮಾಡಿಸಿರಬೇಕು. ಬಂದ ಕೂಡಲೆ ಒಳಗೆ ಊಟ. ದಿನದಿನಕ್ಕೆ ಐದು ನಿಮಿಷದಂತೆ ಹೆಚ್ಚಿಸುತ್ತ ಹೋದರೂ ಕತ್ತಲಾದ ಮೇಲೆ ಹೊರಗೆ ಬಿಡಲಾಗದು. ಕೊರಳಿಗೆ ಪಟ್ಟಿ ಕಟ್ಟುವುದಾದರೆ, ಕೊಂಬೆಗೆ ಸಿಕ್ಕಿದಾಗ ತಾನೇ ಕಳಚಿಕೊಳ್ಳುವಂತಹದನ್ನು ಆರಿಸಿ, ಅದರ ಮೇಲೆ ಮನೆಯ ಫೋನ್ ಸಂಖ್ಯೆಯನ್ನು ಬರೆಯಿಸಬೇಕು. ಕಾರುಗಳು ನಿಲ್ಲುವ ಕಡೆ ಎಂಜಿನಿನ ಬೆಚ್ಚನೆಯ ಜಾಗಕ್ಕೆ ಮರಿಗಳು ತೂರಿಕೊಳ್ಳುವುದರಿಂದ, ಹೊರಡುವ ಮುನ್ನ ಬಾನೆಟ್ಟನ್ನು ಎರಡು ಬಾರಿ ತಟ್ಟುವಂತೆ ನೆರೆಯವರನ್ನು ಕೇಳಿಕೊಂಡರೆ ಯಾರೂ ಬೇಸರಪಡಲಾರರು.

ಇಷ್ಟೆಲ್ಲ ಮಾಡಿದರೂ ಮರಿ ಒಂದು ದಿನ ಬಾರದೆ ಹೋದರೆ, ಗಾಬರಿಯಿಂದ ದೂರದ ಬೀದಿಗಳನ್ನು ಅಲೆಯಬೇಕಾಗಿಲ್ಲ. ಹೆದರಿದ ಬೆಕ್ಕು ಓಡುವುದಕ್ಕಿಂತ ಅಡಗುವುದೇ ಹೆಚ್ಚು. ಮೆಟ್ಟಿಲ ಕೆಳಗೆ, ಮೀಟರ್ ಕೋಣೆಯಲ್ಲಿ, ನೀರಿನ ಪಂಪಿನ ಹಿಂದೆ, ನಿಂತ ವಾಹನಗಳ ಅಡಿಯಲ್ಲಿ ಮೊದಲು ನೋಡಬೇಕು. ಹಗಲಿನ ಸದ್ದಿನಲ್ಲಿ ಅದು ಉತ್ತರ ಕೊಡುವುದಿಲ್ಲ. ರಾತ್ರಿ ಎರಡು ಗಂಟೆಯ ಹೊತ್ತಿಗೆ, ಕಟ್ಟಡವೆಲ್ಲ ಮಲಗಿರುವಾಗ, ಮನೆಯ ಒಬ್ಬರೇ ಟಾರ್ಚ್ ಹಿಡಿದು ಇಳಿದು, ಮೆಲ್ಲನೆ ಹೆಸರು ಕರೆದು ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲಬೇಕು. ಕತ್ತಲಲ್ಲಿ ಎರಡು ಕಣ್ಣುಗಳು ಹೊಳೆದರೆ ಹಿಡಿಯಲು ಧಾವಿಸದೆ, ಅದು ಮಲಗುತ್ತಿದ್ದ ಹಳೆಯ ಪಂಚೆಯ ತುಂಡನ್ನು ನೆಲದ ಮೇಲೆ ಹಾಸಿ, ಪಕ್ಕದಲ್ಲಿ ಕುಳಿತು ಕಾಯಬೇಕು.